ಸಮುದ್ರವೇ ಇಲ್ಲದ ಬಾಗಲಕೋಟೆಯಿಂದ ಸಮುದ್ರ ವಿಜ್ಞಾನಿ ಆಗಬಹುದಾ?

ಮುಧೋಳ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಮಗಳು ಬಿ.ಎಸ್ಸಿ ಎರಡನೇ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಹೋದ ವಾರ ಊಟಕ್ಕೆ ಕೂತಾಗ "ಅಪ್ಪಾ, ನಾನು ಸಮುದ್ರದ ಬಗ್ಗೆ ಓದಬೇಕು, ಸರ್ಕಾರಿ ವಿಜ್ಞಾನಿ ಆಗಬೇಕು" ಅಂದಳು. ಅವಳು ಸಮುದ್ರ ನೋಡಿದ್ದು ಒಂದೇ ಸಲ, ಏಳನೇ ಕ್ಲಾಸಿನಲ್ಲಿ ಕಾರವಾರಕ್ಕೆ ಟ್ರಿಪ್ ಹೋದಾಗ.

ಮನೆಯಲ್ಲಿ ಎಲ್ಲರೂ ಕೆಎಎಸ್ ಬರೆಸು ಅನ್ನುತ್ತಿದ್ದಾರೆ. ನನಗೆ ಅವಳ ಆಸೆಗೆ ಅಡ್ಡ ಬರುವ ಮನಸ್ಸಿಲ್ಲ. ಆದರೆ ಈ ದಾರಿ ಹೇಗಿರುತ್ತದೆ, ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಅಂತ ಹೇಳುವವರು ನಮ್ಮ ಕಡೆ ಯಾರೂ ಸಿಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಎರಿಹೊಲ

ಮಾಸ್ತರ್ರೆ, ನನ್ನ ತಮ್ಮನ ಮಗನೂ ಹೀಗೇ ಜಿಯಾಲಜಿ ಓದಿದ. ಎರಡು ವರ್ಷ ಕೆಲಸ ಸಿಗದೆ ಬಹಳ ಕಷ್ಟಪಟ್ಟ. ಈಗ ಬ್ಯಾಂಕಿನಲ್ಲಿದ್ದಾನೆ, ಚೆನ್ನಾಗಿದ್ದಾನೆ. ಹೆಣ್ಣುಮಗಳು, ಹಡಗು, ತಿಂಗಳುಗಟ್ಟಲೆ ಮನೆಯಿಂದ ದೂರ ಅಂದ್ರೆ ನನಗೂ ಅಂಜಿಕೆ ಆಗುತ್ತದೆ. ನಿಮ್ಮ ಮಗಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಒಂದು ಕೈಯಲ್ಲಿ ಬೇರೆ ಪರೀಕ್ಷೆಯ ತಯಾರಿಯೂ ಇರಲಿ.

ಮುಳುಗಡೆ ಮನೆ

ಮಾಸ್ತರ್ರೆ, ನಾನು ಹಳೇ ಬಾಗಲಕೋಟೆಯವನು. ನಾನು ಹುಟ್ಟಿದ ಮನೆ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಈಗ ನವನಗರದಲ್ಲಿ ಇದ್ದೇನೆ. ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ 34 ವರ್ಷ ಭೂವಿಜ್ಞಾನಿಯಾಗಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಸಮುದ್ರದ ತಳದ ಮಣ್ಣಿನ ಜೊತೆಗೇ ಕಳೆಯಿತು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ತಿದ್ದುಪಡಿ. ನಮ್ಮೂರಿಗೆ ಸಮುದ್ರ ಇಲ್ಲ ಅನ್ನುವುದು ಈಗಿನ ಮಾತು. ಬಾಗಲಕೋಟೆ ಸುತ್ತಲಿನ ಗುಡ್ಡಗಳ ಗಟ್ಟಿ ಕಲ್ಲು, ಲೋಕಾಪುರ ಕಡೆಯ ಸುಣ್ಣದಕಲ್ಲು, ಇವೆಲ್ಲ ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಆದವು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಭೂವಿಜ್ಞಾನಿಗಳು ಇದಕ್ಕೆ ಕಲಾದಗಿ ಬೇಸಿನ್ ಅನ್ನುತ್ತಾರೆ. ದಾಳಿಂಬೆಗೆ ಹೆಸರಾದ ನಮ್ಮ ಅದೇ ಕಲಾದಗಿ. ಆ ಸುಣ್ಣದಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಸಿಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರಿನಡಿ ಪಾಚಿ ಹಾಸಿನ ಹಾಗೆ ಬೆಳೆದು, ಒಂದರ ಮೇಲೊಂದು ಪದರ ಕಟ್ಟಿ ಬಿಟ್ಟುಹೋದ ಗುರುತು ಅದು. ಕತ್ತರಿಸಿದ ಉಳ್ಳಾಗಡ್ಡಿಯ ಸುರುಳಿ ಇರುತ್ತದಲ್ವಾ, ಹಾಗೇ ಕಾಣುತ್ತದೆ. ನಿಮ್ಮ ಮಗಳಿಗೆ ಮೊದಲ ಪಾಠ ಮುಧೋಳದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದೆ.

ನಾನು ಧಾರವಾಡದಲ್ಲಿ ಎಂ.ಎಸ್ಸಿ ಜಿಯಾಲಜಿ ಓದಿದೆ. 1980ರ ದಶಕದ ಕೊನೆಗೆ ಮೊದಲ ಸಲ ಸಾಗರ ಕನ್ಯಾ ಹಡಗು ಹತ್ತಿದೆ. ಜರ್ಮನಿಯಲ್ಲಿ ಕಟ್ಟಿದ ಹಡಗು, 1983ರಲ್ಲಿ ನಮ್ಮ ದೇಶಕ್ಕೆ ಬಂದಿತ್ತು. ಮೊದಲ ಮೂರು ದಿನ ಹೊಟ್ಟೆಯಲ್ಲಿ ಒಂದು ತುತ್ತು ನಿಲ್ಲಲಿಲ್ಲ. ನಾಲ್ಕನೇ ದಿನ ರಾತ್ರಿ ಪಾಳಿ ನನ್ನದು. ಕೃಷ್ಣಾ ನದಿ ಸಮುದ್ರ ಸೇರುವ ಕಡೆಯಿಂದ ದೂರ, ಆಳದ ನೀರಿನಲ್ಲಿ ಕೋರ್ ತೆಗೆಯುವ ಕೆಲಸ. ಕೋರ್ ಅಂದ್ರೆ ಇಷ್ಟೇ: ಉದ್ದನೆಯ ಕಬ್ಬಿಣದ ಕೊಳವೆ, ಮೇಲೆ ಭಾರದ ಗುಂಡು, ಒಳಗೆ ಪ್ಲಾಸ್ಟಿಕ್ ಪೈಪು. ತಂತಿಗೆ ಕಟ್ಟಿ ಕೆಳಗೆ ಬಿಡುತ್ತಾರೆ. ಅದು ತನ್ನ ಭಾರಕ್ಕೇ ತಳದ ಕೆಸರಿನೊಳಗೆ ಇಳಿಯುತ್ತದೆ. ಮೇಲೆ ಎಳೆದು, ಪೈಪನ್ನು ಉದ್ದುದ್ದ ಸೀಳಿದರೆ ಸಾವಿರಾರು ವರ್ಷದ ಮಣ್ಣು ಮಲಗಿರುತ್ತದೆ. ಮೇಲೆ ಹೊಸದು, ಕೆಳಗೆ ಹಳೆಯದು.

ಆ ರಾತ್ರಿ ಸೀಳಿದ ಮಣ್ಣನ್ನು ಬೆರಳಿಂದ ಮುಟ್ಟಿದೆ. ಅಂಟಂಟು. ಉಗುರಿನ ಸಂದಿಗೆ ಸೇರಿದ್ದು ತೊಳೆದರೂ ಹೋಗಲಿಲ್ಲ. ಬೆಳಗ್ಗೆ ನೋಡಿದರೆ ಟ್ರೇನಲ್ಲಿ ಉಳಿದಿದ್ದ ಚೂರು ಒಣಗಿ ಬಿರುಕು ಬಿಟ್ಟಿತ್ತು, ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರುಕು ಬಿಡುವ ಹಾಗೆ. ದಡಕ್ಕೆ ಬಂದು ಎಕ್ಸ್‌ರೇ ಯಂತ್ರದಲ್ಲಿ ನೋಡಿದಾಗ ಅದರಲ್ಲಿ ಸ್ಮೆಕ್ಟೈಟ್ ಜಾಸ್ತಿ. ಎರಿ ಮಣ್ಣನ್ನು ಉಬ್ಬಿಸುವುದು, ಬಿರಿಯುವಂತೆ ಮಾಡುವುದು ಇದೇ ಜೇಡಿ. ದಖ್ಖನ್ನಿನ ಲಾವಾ ಕಲ್ಲು ಸವೆದು ಎರಿ ಆಯಿತು. ಎರಿ ಕೊಚ್ಚಿಕೊಂಡು ಕೃಷ್ಣೆಗೆ ಬಿತ್ತು. ಕೃಷ್ಣೆ ಅದನ್ನು ಬಂಗಾಳ ಕೊಲ್ಲಿಯ ತಳಕ್ಕೆ ಮುಟ್ಟಿಸಿದಳು. ನಾನು ಅಷ್ಟು ದೂರ ಹೋಗಿ ನಮ್ಮ ಹೊಲದ ಮಣ್ಣನ್ನೇ ಮೇಲಕ್ಕೆತ್ತಿದ್ದೆ. ಆ ದಿನದಿಂದ ಈ ಕೆಲಸ ಬಿಟ್ಟು ಬೇರೆ ಮಾಡಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಮುಧೋಳ ಮಾಸ್ತರ

ಸರ್, ನಿಮ್ಮ ಬರಹವನ್ನು ಮಗಳಿಗೆ ಓದಿ ತೋರಿಸಿದೆ. ಮಾತೇ ಆಡಲಿಲ್ಲ, ಫೋನ್ ಇಸಕೊಂಡು ಮತ್ತೆ ತಾನೇ ಓದಿದಳು. ಪರೀಕ್ಷೆ, ಹುದ್ದೆ, ಸಂಬಳ, ಬಡ್ತಿ ಬಗ್ಗೆಯೂ ಯಾರಾದರೂ ತಿಳಿಸಿ. ಅವಳು ಫಿಸಿಕ್ಸ್ ಓದುತ್ತಿದ್ದಾಳೆ, ಜಿಯಾಲಜಿ ಇಲ್ಲ. ಅದು ತೊಂದರೆಯಾ?

ಧಾರವಾಡ ಹಾಸ್ಟೆಲ್

ನಾನು ಹೇಳುತ್ತೇನೆ ಸರ್, ಇತ್ತೀಚೆಗೆ ಈ ದಾರಿಯಲ್ಲೇ ಬಂದವನು.

ತೊಂದರೆ ಇಲ್ಲ. ಯುಪಿಎಸ್‌ಸಿ ಪ್ರತಿ ವರ್ಷ ಜಿಯೋ ಸೈಂಟಿಸ್ಟ್ ಪರೀಕ್ಷೆ ನಡೆಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ, ಅಂದ್ರೆ ಜಿಎಸ್‌ಐಗೆ, ಜನ ತೆಗೆದುಕೊಳ್ಳುವುದು ಅದರಿಂದಲೇ. ಅಲ್ಲಿ ಜಿಯಾಲಜಿಸ್ಟ್ ಆಗಲು ಎಂ.ಎಸ್ಸಿ ಜಿಯಾಲಜಿ ಅಥವಾ ಅದರ ಹತ್ತಿರದ ವಿಷಯ ಬೇಕು. ಫಿಸಿಕ್ಸ್ ಬಳಸಿ ಭೂಮಿಯ ಒಳಗನ್ನು ಅಳೆಯುವ ಜಿಯೋಫಿಸಿಸಿಸ್ಟ್ ಹುದ್ದೆಗೆ ಎಂ.ಎಸ್ಸಿ ಫಿಸಿಕ್ಸ್ ಮಾಡಿದವರೂ ಬರೆಯಬಹುದು. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಬರೆಯಬೇಕು. ಕನ್ನಡ ಮೀಡಿಯಂನಿಂದ ಬಂದ ನನಗೆ ಕಷ್ಟವಾದದ್ದು ಅದೊಂದೇ. ದಿನಾ ಒಂದು ಪುಟ ಉತ್ತರ ಬರೆದು ಬರೆದು ರೂಢಿ ಮಾಡಿಕೊಂಡೆ.

ಇನ್ನೊಂದು ದಾರಿ ಭೂ ವಿಜ್ಞಾನ ಸಚಿವಾಲಯದ ಸಂಸ್ಥೆಗಳು. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್, ಸಮುದ್ರ ತಂತ್ರಜ್ಞಾನದ ಚೆನ್ನೈನ ಎನ್‌ಐಒಟಿ, ಗೋವಾದ ಧ್ರುವ ಸಂಶೋಧನಾ ಕೇಂದ್ರ, ಹವಾಮಾನ ಸಂಶೋಧನೆಯ ಪುಣೆಯ ಐಐಟಿಎಂ. ಅಲ್ಲಿ ಸೈಂಟಿಸ್ಟ್ ಬಿ ಅಂತ ಶುರು. ಮೂಲವೇತನ 56,100 ರೂಪಾಯಿ, ಮೇಲೆ ಭತ್ಯೆಗಳು. ಬಿ ಯಿಂದ ಸಿ ಗೆ ಕನಿಷ್ಠ 3 ವರ್ಷ, ಆಮೇಲೆ ಡಿ ಗೆ 4, ಇ ಗೆ ಮತ್ತೆ 4, ಆಮೇಲೆ ಎಫ್ ಮತ್ತು ಜಿ ಗೆ ಐದೈದು ವರ್ಷ. ಮೇಲಿನ ಹುದ್ದೆ ಖಾಲಿ ಇದೆಯಾ ಅಂತ ಕಾಯಬೇಕಿಲ್ಲ. ಮಾಡಿದ ಕೆಲಸ ತೋರಿಸಿ, ಸಂದರ್ಶನ ಪಾಸಾದರೆ ಬಡ್ತಿ. ಜಿಎಸ್‌ಐನಲ್ಲಿ ಪದ್ಧತಿ ಬೇರೆ, ಅಲ್ಲಿ ಸೇವಾ ಹಿರಿತನದ ಸಾಲು ಇರುತ್ತದೆ.

ಮಂಗಳೂರಿನಲ್ಲಿ ಮರೈನ್ ಜಿಯಾಲಜಿ ಕಲಿಸುತ್ತಾರೆ. ಸಮುದ್ರದ ಜೀವಿಗಳ ಬಗ್ಗೆ ಆಸೆ ಇದ್ದರೆ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕೇಂದ್ರ ಕಾರವಾರದ ಕೋಡಿಬಾಗದಲ್ಲಿದೆ. ಜಿಎಸ್‌ಐನ ಸಮುದ್ರ ವಿಭಾಗದ ಮುಖ್ಯ ಕಚೇರಿ ಇರುವುದೂ ಮಂಗಳೂರಿನಲ್ಲೇ.

ತಿಕೋಟಾ ದ್ರಾಕ್ಷಿ

ಮುಳುಗಡೆ ಮನೆ ಸರ್, ನಂದೊಂದು ಪ್ರಶ್ನೆ, ಸ್ವಲ್ಪ ಸಿಟ್ಟಿನದೇ. 2021 ಮತ್ತು 22ರಲ್ಲಿ ನಮ್ಮ ವಿಜಯಪುರ ಕಡೆ ಎಷ್ಟು ಸಲ ಭೂಮಿ ನಡುಗಿತು ಅಂತ ನಿಮಗೂ ಗೊತ್ತು. ರಾತ್ರಿ ಪಾತ್ರೆ ಅಲುಗಾಡಿದರೆ ಸಾಕು, ಮಕ್ಕಳನ್ನ ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದೆವು. 2022ರ ಜುಲೈನಲ್ಲಿ ಒಂದು ಬೆಳಗ್ಗೆ ಬಂದದ್ದರ ತೀವ್ರತೆ 4ಕ್ಕೂ ಮೇಲಿತ್ತು. ವಿಜ್ಞಾನಿಗಳು ಬಂದರು, ಯಂತ್ರ ಇಟ್ಟರು, ಹೋದರು. ಇನ್ನೊಮ್ಮೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ಹಾಗಾದರೆ ಈ ಹುದ್ದೆಗಳಿಂದ ನಮಗೇನು ಉಪಯೋಗ? ಆಲಮಟ್ಟಿ ನೀರಿನಿಂದಲೇ ಇದು ಅಂತ ಊರವರೆಲ್ಲ ಹೇಳುತ್ತಾರೆ.

ಮುಳುಗಡೆ ಮನೆ

ನಿಮ್ಮ ಸಿಟ್ಟು ನ್ಯಾಯವಾದದ್ದು. ಯಾವಾಗ, ಎಲ್ಲಿ, ಎಷ್ಟು ದೊಡ್ಡದು ಅಂತ ಮುಂಚೆ ಹೇಳಲು ಇವತ್ತಿಗೂ ಜಗತ್ತಿನಲ್ಲಿ ಯಾರಿಗೂ ಆಗುವುದಿಲ್ಲ. ಅದನ್ನು ನೇರವಾಗಿ ಹೇಳಬೇಕಿತ್ತು, ನಿಮಗೆ ಯಾರೂ ಹೇಳಲಿಲ್ಲ. ಆದರೆ ಆ ಯಂತ್ರಗಳಿಂದ ಏನಾಗುತ್ತದೆ ಅನ್ನುವುದಕ್ಕೆ ಒಬ್ಬರ ಕೆಲಸದ ಕಥೆ ಹೇಳುತ್ತೇನೆ. ಮಾಸ್ತರ್ರ ಪ್ರಶ್ನೆಗೂ ಇದರಲ್ಲಿ ಉತ್ತರ ಇದೆ.

ನಮ್ಮ ಕೃಷ್ಣೆಗೆ ಮಹಾರಾಷ್ಟ್ರದ ಕರಾಡದಲ್ಲಿ ಕೊಯ್ನಾ ನದಿ ಬಂದು ಸೇರುತ್ತದೆ. ಕೊಯ್ನಾಕ್ಕೆ 103 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ 1962ರಲ್ಲಿ ನೀರು ನಿಲ್ಲಿಸಿದರು. ಸಣ್ಣ ಸಣ್ಣ ಕಂಪನ ಶುರುವಾದವು. 1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ 6.3ರ ಭೂಕಂಪ. ಸುಮಾರು 200 ಜನ ಹೋದರು. ಆಗ ನಾನು ಚಿಕ್ಕವನು, ಹಳೇ ಬಾಗಲಕೋಟೆಯ ಮನೆಯಲ್ಲಿ ಅವ್ವ ಎಬ್ಬಿಸಿ ಹೊರಗೆ ಕರೆದುಕೊಂಡು ಬಂದದ್ದು ನೆನಪಿದೆ. ನಾಗೊಂದಿಗೆ ಮೇಲಿನ ತಾಮ್ರದ ಕೊಡ ಕಟಕಟ ಅನ್ನುತ್ತಿತ್ತು.

ಆ ಕೊಯ್ನಾವನ್ನು ಹಿಡಿದು ಕೂತವರು ಹರ್ಷ ಗುಪ್ತ. ಧನಬಾದಿನ ಗಣಿ ಕಾಲೇಜಿನಲ್ಲಿ ಓದಿದವರು. ಅಣೆಕಟ್ಟಿನ ನೀರಿಗೂ ಭೂಕಂಪಕ್ಕೂ ಏನು ಸಂಬಂಧ ಅಂತ ವರ್ಷಗಟ್ಟಲೆ ದಾಖಲೆ ಜೋಡಿಸಿದರು. ನೀರು ಎಷ್ಟು ಬೇಗ ಏರಿತು, ಎಷ್ಟು ಎತ್ತರಕ್ಕೆ, ಎಷ್ಟು ದಿನ ನಿಂತಿತು ಅನ್ನುವ ಮೂರೂ ಲೆಕ್ಕಕ್ಕೆ ಬರುತ್ತವೆ ಅಂತ ತೋರಿಸಿದರು. ನೀರೇ ಭೂಕಂಪವನ್ನು ಹುಟ್ಟಿಸುವುದಿಲ್ಲ. ಕಲ್ಲು ಮೊದಲೇ ಒಳಗೊಳಗೆ ಬಿಗಿದುಕೊಂಡಿರಬೇಕು. ನೀರು ಅದರ ಮೇಲೆ ಭಾರ ಹಾಕುತ್ತದೆ. ಬಿರುಕಿನೊಳಗೆ ಇಳಿದು ಎರಡೂ ಬದಿಯ ಕಲ್ಲಿನ ಹಿಡಿತ ಸಡಿಲಿಸುತ್ತದೆ. ಮೊದಲೇ ಒಜ್ಜೆಯಾದ ಚಕ್ಕಡಿಗೆ ಇನ್ನೊಂದು ಚೀಲ ಹೇರಿದ ಹಾಗೆ ಅನ್ನಿ. ಅಚ್ಚು ಗಟ್ಟಿ ಇದ್ದರೆ ಏನೂ ಆಗುವುದಿಲ್ಲ. ಅದಕ್ಕೇ ಜಗತ್ತಿನಲ್ಲಿ ಸಾವಿರಾರು ದೊಡ್ಡ ಅಣೆಕಟ್ಟುಗಳಿದ್ದರೂ ಇಂಥ ಕಂಪನ ಕಂಡದ್ದು ನೂರಕ್ಕೆ ಸ್ವಲ್ಪ ಜಾಸ್ತಿ ಕಡೆ ಮಾತ್ರ.

ಅದಕ್ಕೆ ಸುಮ್ನೆ ಆಲಮಟ್ಟಿ ಕಡೆ ಬೆರಳು ತೋರಿಸಬಾರದು. ಕೊಯ್ನಾದಲ್ಲಿ ಕಂಪನವೆಲ್ಲ ಅಣೆಕಟ್ಟಿನ ಹತ್ತಿರದ ಸಣ್ಣ ಜಾಗದಲ್ಲೇ, ಸುಮಾರು 20ಕ್ಕೆ 30 ಕಿಲೋಮೀಟರ್ ಒಳಗೆ, 60 ವರ್ಷದಿಂದ ಆಗುತ್ತಾ ಬಂದಿದೆ. ಮಳೆಗಾಲದ ನೀರು ಏರಿದ ಮೇಲೆ ಜಾಸ್ತಿ ಆಗುತ್ತದೆ. ನೀರಿನ ಮಟ್ಟದ ಗೆರೆ, ಕಂಪನದ ಗೆರೆ ಎರಡನ್ನೂ ಒಂದರ ಕೆಳಗೊಂದು ಇಟ್ಟಾಗ ಅದು ಕಂಡಿತು. ನಿಮ್ಮ ತಿಕೋಟಾದಲ್ಲಿ ಇಟ್ಟ ಯಂತ್ರ ಬರೆಯುವುದು ಅದರಲ್ಲಿ ಒಂದು ಗೆರೆ. ಬಿಟ್ಟು ಬಿಟ್ಟು ಬರೆದರೆ ಪ್ರಯೋಜನವಿಲ್ಲ, ಸತತವಾಗಿ ಬೇಕು. ಈಗ ಕೊಯ್ನಾ ಹತ್ತಿರ ಗೋಠಣೆಯಲ್ಲಿ 3 ಕಿಲೋಮೀಟರ್ ಆಳದ ಬಾವಿಯನ್ನೇ ಕೊರೆದಿದ್ದಾರೆ. ಅದನ್ನು ನೋಡಿಕೊಳ್ಳುವ ಪ್ರಯೋಗಾಲಯ ಕರಾಡದಲ್ಲಿದೆ. ನಮ್ಮ ಬೆಳಗಾವಿಯವರಿಗೆ ಹತ್ತಿರವೇ.

ಇನ್ನೊಂದು ಮಾತು ದಯವಿಟ್ಟು ಕೇಳಿ. 1993ರ ಸೆಪ್ಟೆಂಬರ್ 30ರಂದು ಲಾತೂರು ಕಡೆ ಆದ ಕಿಲ್ಲಾರಿ ಭೂಕಂಪ 6.2 ಇತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಬೆಳಗಿನ ಜಾವ ನಾಲ್ಕರ ಹೊತ್ತು, ಎಲ್ಲರೂ ಮಲಗಿದ್ದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬಿದ್ದದ್ದು ಅದು. ನಮ್ಮ ಹಳ್ಳಿಗಳಲ್ಲೂ ಅಂಥ ಮನೆಗಳು ಇನ್ನೂ ಇವೆ. ಹೊಸ ಮನೆ ಕಟ್ಟುವಾಗ ಎಲ್ಲ ಗೋಡೆಗಳಲ್ಲೂ, ಕಿಟಕಿ ಬಾಗಿಲಿನ ಮೇಲಂಚಿನ ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ. ಮೂಲೆಗಳು ಬಿಟ್ಟುಕೊಳ್ಳದಂತೆ ಹಿಡಿಯುವುದು ಅದೇ. ಸಿಮೆಂಟು, ಕಬ್ಬಿಣ ಸ್ವಲ್ಪ ಜಾಸ್ತಿ ಹೋಗಬಹುದು, ಹೋಗಲಿ.

ತಿಕೋಟಾ ದ್ರಾಕ್ಷಿ

ಸರ್, ಕೈ ಮುಗಿಯುತ್ತೇನೆ. ಇಷ್ಟು ವರ್ಷಕ್ಕೆ ಒಬ್ಬರು ಬಿಡಿಸಿ ಹೇಳಿದರು. ಅಣ್ಣ ಈ ವರ್ಷ ಮನೆ ಕಟ್ಟಿಸುತ್ತಿದ್ದಾನೆ. ಪಟ್ಟಿಯ ಮಾತು ಇವತ್ತೇ ಗೌಂಡಿಗೆ ಹೇಳುತ್ತೇನೆ.

ಬೆಳಗಾವಿ ಅಕ್ಕ

ಹರ್ಷ ಗುಪ್ತ ಅವರು ಭೂಕಂಪದವರು ಅಂದಿರಿ. ಸಮುದ್ರಕ್ಕೂ ಅವರಿಗೂ ಏನು ಸಂಬಂಧ ಸರ್? ಮತ್ತೆ ಮಾಸ್ತರ್ರ ಮಗಳ ವಿಷಯದಲ್ಲಿ ಎರಿಹೊಲ ಅಣ್ಣಾರು ಕೇಳಿದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಹೆಣ್ಣುಮಕ್ಕಳು ಹಡಗಿನಲ್ಲಿ ಹೋಗುತ್ತಾರಾ?

ಮುಳುಗಡೆ ಮನೆ

ಅಕ್ಕಾರೆ, ಎರಡಕ್ಕೂ ಒಂದೇ ಉತ್ತರ ಇದೆ. 1983ರ ಕೊನೆಗೆ ನಮ್ಮ ದೇಶದ ಮೂರನೇ ಅಂಟಾರ್ಕ್ಟಿಕಾ ತಂಡ ಹೊರಟಿತು. ಮುಂದಾಳು ಇದೇ ಹರ್ಷ ಗುಪ್ತ. ಮಂಜಿನ ಮೇಲೆ ದಕ್ಷಿಣ ಗಂಗೋತ್ರಿ ಅನ್ನುವ ಮೊದಲ ನೆಲೆ ಕಟ್ಟಿ ಬಂದರು. ಆ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದರು. ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಸಮುದ್ರ ವಿಜ್ಞಾನಿ ಅದಿತಿ ಪಂತ್. ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಇವರೇ. ನಲವತ್ತು ವರ್ಷದ ಹಿಂದೆಯೇ ಆಗಿಹೋದ ಮಾತು. ನನ್ನ ಕೊನೆಯ ಹತ್ತು ವರ್ಷದಲ್ಲಿ ನನ್ನ ಜೊತೆ ಹಡಗು ಹತ್ತಿದ ಹುಡುಗಿಯರು ಬಹಳ ಜನ. ತಂತಿ ಇಳಿಸಿ ಎಳೆಯುವ ವಿಂಚ್ ಯಂತ್ರದ ಹತ್ತಿರ ರಾತ್ರಿ ಪಾಳಿಯನ್ನೂ ಮಾಡಿದ್ದಾರೆ.

ಗುಪ್ತ ಅವರು ಆಮೇಲೆ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐಗೆ ನಿರ್ದೇಶಕರಾದರು, 2001ರಲ್ಲಿ ಸಾಗರ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿ. ಅದೇ ಇಲಾಖೆ 2006ರಲ್ಲಿ ಭೂ ವಿಜ್ಞಾನ ಸಚಿವಾಲಯ ಆಯಿತು. ದೆಹಲಿಯಲ್ಲಿ ಕಾರ್ಯದರ್ಶಿ ಅಂದರೆ ಸಾಮಾನ್ಯವಾಗಿ ಐಎಎಸ್‌ನವರು. ಇಲ್ಲಿ ಆ ಕುರ್ಚಿಗೆ ವಿಜ್ಞಾನಿಗಳು ಬರುತ್ತಾರೆ. 2021ರಲ್ಲಿ ಬಂದ ಎಂ. ರವಿಚಂದ್ರನ್ ಅವರು ಸಮುದ್ರದಲ್ಲಿ ತೇಲುವ ಆರ್ಗೋ ಯಂತ್ರಗಳ ಮೇಲೆ ಕೆಲಸ ಮಾಡಿ ಬೆಳೆದವರು. ಕೆಎಎಸ್, ಐಎಎಸ್ ಅನ್ನುವ ಮನೆಯವರಿಗೆ ಇದನ್ನು ಹೇಳಿ ಮಾಸ್ತರ್ರೆ.

ಗುಪ್ತ ಅವರು ಆ ಕುರ್ಚಿಯಲ್ಲಿದ್ದಾಗಲೇ 2004ರ ಡಿಸೆಂಬರ್ 26 ಬಂತು. ಬೆಳಗ್ಗೆ ಆರೂವರೆ ಹೊತ್ತಿಗೆ ಸುಮಾತ್ರಾ ಹತ್ತಿರ ಸಮುದ್ರದ ತಳ ಜರುಗಿತು. ಸುನಾಮಿ ಅಲೆ ತಮಿಳುನಾಡಿನ ದಡ ಮುಟ್ಟಲು ಎರಡು ತಾಸಿನ ಮೇಲೆ ಹಿಡಿಯಿತು. ಆ ಎರಡು ತಾಸಿನಲ್ಲಿ ದಡದ ಜನಕ್ಕೆ ಹೇಳುವ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲ. ಆ ದಿನ ನಾನು ಆಫೀಸಿನಲ್ಲಿ ಫೋನಿನ ಮುಂದೆ ಕೂತಿದ್ದೆ. ಈ ಮಾತು ಬರೆಯುವಾಗ ಇವತ್ತಿಗೂ ಕೈ ನಿಲ್ಲುತ್ತದೆ.

ಮೂರು ವರ್ಷದೊಳಗೆ, 2007ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಭೂಕಂಪ ಮಾಪಕಗಳು, ಸಮುದ್ರದ ತಳದಲ್ಲಿ ಕೂತು ಮೇಲಿನ ನೀರಿನ ಒತ್ತಡ ಅಳೆಯುವ ಯಂತ್ರಗಳು, ಬಂದರುಗಳಲ್ಲಿ ನೀರಿನ ಮಟ್ಟದ ಮಾಪಕಗಳು, ಎಲ್ಲವೂ ಹಗಲು ರಾತ್ರಿ ಅಲ್ಲಿಗೆ ವರದಿ ಕಳಿಸುತ್ತವೆ. 2012ರ ಏಪ್ರಿಲ್ 11ರಂದು ಅದೇ ಸುಮಾತ್ರಾ ಕಡೆ 8.6ರ ಭೂಕಂಪ ಆದಾಗ ಹತ್ತು ನಿಮಿಷದೊಳಗೆ ಮೊದಲ ಸಂದೇಶ ಹೋಯಿತು. ಆ ಸಲ ತಳ ಅಕ್ಕಪಕ್ಕಕ್ಕೆ ಜರುಗಿತ್ತು, ಮೇಲೆ ಎದ್ದಿರಲಿಲ್ಲ, ಅದಕ್ಕೆ ದೊಡ್ಡ ಅಲೆ ಏಳಲಿಲ್ಲ.

ಎರಿಹೊಲ

ಸರ್, ನನಗೆ ಇದೆಲ್ಲ ಗೊತ್ತಿರಲಿಲ್ಲ. ಮೊದಲು ಬರೆದದ್ದನ್ನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಕಷ್ಟಗಳನ್ನೂ ಹೇಳಿ, ಆ ಹುಡುಗಿಗೆ ಗೊತ್ತಿರಲಿ.

ಮುಳುಗಡೆ ಮನೆ

ಹೇಳುತ್ತೇನೆ. ಹಿಂದಕ್ಕೆ ತೆಗೆದುಕೊಳ್ಳುವುದು ಬೇಡ, ನಿಮ್ಮ ಅಂಜಿಕೆಯೂ ನಿಜ.

ನನ್ನ ಅವ್ವ ತೀರಿಕೊಂಡಾಗ ನಾನು ಹಡಗಿನಲ್ಲಿದ್ದೆ. ರೇಡಿಯೊ ರೂಮಿಗೆ ಸುದ್ದಿ ಬಂತು. ದಡ ಮುಟ್ಟಲು ಆರು ದಿನ ಬೇಕಾಯಿತು. ಮಣ್ಣು ಕೊಡುವ ಹೊತ್ತಿಗೆ ನಾನಿರಲಿಲ್ಲ. ಒಮ್ಮೆ ನನ್ನ ಬಡ್ತಿಯ ಕಡತ ಎರಡು ವರ್ಷ ಒಂದು ಮೇಜಿನ ಮೇಲೇ ಕೂತಿತ್ತು, ನನಗಿಂತ ಕಿರಿಯರು ಮುಂದೆ ಹೋದರು. ಹೆಂಡತಿ ಎರಡು ಮಕ್ಕಳನ್ನು ಹೆಚ್ಚು ಕಡಿಮೆ ಒಬ್ಬಳೇ ಬೆಳೆಸಿದಳು. ಇದನ್ನೆಲ್ಲ ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಇನ್ನೊಂದು ಕಷ್ಟ ಇದೆ, ಅದು ಹೊರಗಿನವರಿಗೆ ಕಾಣುವುದಿಲ್ಲ. ಬಹಳ ವರ್ಷ ನೀವು ಮಾಡಿದ ಕೆಲಸ ಯಾರಿಗೂ ಬೇಕಾಗಿರುವುದಿಲ್ಲ. ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆಯುವುದು, ಉಳಿದದ್ದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಫೊರಾಮಿನಿಫೆರಾ ಅನ್ನುವ ಸಮುದ್ರದ ಏಕಕೋಶ ಜೀವಿಗಳ ಚಿಪ್ಪುಗಳನ್ನು ಒಂದೊಂದಾಗಿ ಆರಿಸುವುದು. ಸಾಸಿವೆಗಿಂತ ಸಣ್ಣವು. ದಿನಕ್ಕೆ ಇನ್ನೂರು, ಮುನ್ನೂರು. ಆ ಚಿಪ್ಪಿನಿಂದ ಹಿಂದಿನ ಕಾಲದಲ್ಲಿ ಸಮುದ್ರ ಎಷ್ಟು ಬಿಸಿ ಇತ್ತು, ಮುಂಗಾರು ಹೇಗಿತ್ತು ಅಂತ ತಿಳಿಯುತ್ತದೆ. ಫಲ ಬರುವುದು ಹತ್ತು ವರ್ಷ ಆದ ಮೇಲೆ. ಈ ತಾಳ್ಮೆ ಇದ್ದರೆ ಉಳಿದದ್ದೆಲ್ಲ ಕಲಿಯಬಹುದು.

ತಿಕೋಟಾ ದ್ರಾಕ್ಷಿ

ಮುಂಗಾರು ಅಂದಿರಲ್ಲ ಸರ್, ಸಮುದ್ರದ ಯಂತ್ರಗಳಿಂದ ನಮ್ಮ ಮಳೆ ಗೊತ್ತಾಗುತ್ತದಾ?

ಧಾರವಾಡ ಹಾಸ್ಟೆಲ್

ಹೌದಣ್ಣಾ. ಈಗಷ್ಟೇ ಸರ್ ಹೇಳಿದ ಆರ್ಗೋ ಯಂತ್ರ ಒಂದು ಉದ್ದನೆಯ ಸಿಲಿಂಡರ್. ಸಮುದ್ರದಲ್ಲಿ 1000 ಮೀಟರ್ ಆಳದಲ್ಲಿ ತೇಲುತ್ತಾ ಇರುತ್ತದೆ. ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುವಾಗ ನೀರಿನ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಜಗತ್ತಿನ ಸಮುದ್ರಗಳಲ್ಲಿ ಹತ್ತಿರ ಹತ್ತಿರ 4000 ಇವೆ. ಹಿಂದೂ ಮಹಾಸಾಗರದಲ್ಲಿ ಎಲ್ಲಿ ನೀರು ಬಿಸಿ, ಎಲ್ಲಿ ತಂಪು ಅನ್ನುವುದರ ಮೇಲೆ ಮುಂಗಾರಿನ ಮುನ್ಸೂಚನೆ ನಿಂತಿದೆ. ನೀವು ಮೊಬೈಲಿನಲ್ಲಿ ನೋಡುವ ಮಳೆಯ ಸುದ್ದಿಯ ಹಿಂದೆ ಅದೂ ಇದೆ.

ಮುಧೋಳ ಮಾಸ್ತರ

ಎಲ್ಲರಿಗೂ ಬಹಳ ಧನ್ಯವಾದ. ಮನೆಯಲ್ಲಿ ಮಾತಾಯಿತು. ಎಂ.ಎಸ್ಸಿಗೆ ಅವಳ ಇಷ್ಟದ ಹಾಗೇ ಬಿಡುತ್ತೇವೆ. ಅವಳ ತಾಯಿಯೇ ಮೊದಲು ಹೂಂ ಅಂದಳು. ಭಾನುವಾರ ನಾವಿಬ್ಬರೂ ಬಾಗಲಕೋಟೆ ಕಡೆ ಗುಡ್ಡಕ್ಕೆ ಹೋಗಿದ್ದೆವು. ಉಳಿದದ್ದನ್ನ ಅವಳೇ ಬರೆಯುತ್ತಾಳೆ.

ಸರ್ ಕಾಕಾ, ನಮಸ್ಕಾರ. ನಾನು ಮಾಸ್ತರ್ರ ಮಗಳು. ಗುಡ್ಡದ ದಾರಿ ಪಕ್ಕ ಒಂದು ದೊಡ್ಡ ಬಂಡೆ ಇತ್ತು. ಅದರ ಮೇಲೆಲ್ಲ ಅಲೆ ಅಲೆ ಗೆರೆ. ಅವ್ವ ಅಂಗಳ ಸಾರಿಸಿದಾಗ ಬೆರಳಿನ ಗುರುತು ಉಳಿಯುತ್ತದಲ್ಲ, ಹಾಗೇ. ಮೊದಲು ಯಾರೋ ಕೆತ್ತಿದ್ದು ಅಂದುಕೊಂಡೆ. ಹೆಬ್ಬೆರಳಿನಿಂದ ಸವರಿ ನೋಡಿದೆ, ಕೆತ್ತಿದ್ದಲ್ಲ. ಒಂದು ಏಣಿನಿಂದ ಇನ್ನೊಂದಕ್ಕೆ ಸ್ಕೇಲ್ ಇಟ್ಟು ಅಳೆದೆ, 4 ಸೆಂಟಿಮೀಟರ್. ಹತ್ತು ಕಡೆ ಅಳೆದೆ, ಹೆಚ್ಚು ಕಡಿಮೆ ಅಷ್ಟೇ. ಇದು ಆ ಸಮುದ್ರದ್ದೇನಾ ಕಾಕಾ?

ಮುಳುಗಡೆ ಮನೆ

ಹೌದು ಮಗಳೇ, ಅದರ ತಳದ ಮರಳಿನ ಮೇಲೆ ನೀರು ಬರೆದ ಗೆರೆಗಳು. ಹತ್ತು ಕಡೆ ಅಳೆದದ್ದು ಬಹಳ ಒಳ್ಳೆಯದಾಯಿತು. ಈಗ ಒಂದು ನೋಡಬೇಕಿತ್ತು. ಏಣಿನ ಎರಡೂ ಬದಿಯ ಇಳಿಜಾರು ಒಂದೇ ಇತ್ತಾ, ಅಥವಾ ಒಂದು ಬದಿ ಕಡಿದಾಗಿತ್ತಾ? ಒಂದು ಬದಿ ಕಡಿದಾಗಿದ್ದರೆ ನೀರು ಒಂದೇ ದಿಕ್ಕಿಗೆ ಹರಿದಿದೆ, ಕಡಿದಾದ ಬದಿಯ ಕಡೆಗೆ. ಎರಡೂ ಒಂದೇ ಇದ್ದರೆ ನೀರು ಹೋಗಿ ಬಂದು ಮಾಡಿದೆ, ದಡದ ಅಲೆಯ ಹಾಗೆ.

ಮುಧೋಳ ಮಾಸ್ತರ

ಮಗಳು: ಕಾಕಾ, ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡೂ ಬದಿ ಒಂದೇ ಇದೆ. ಆದರೆ ಫೋಟೊ ಮೇಲಿನಿಂದ ತೆಗೆದದ್ದು, ಅದನ್ನ ನಂಬಲು ಮನಸ್ಸಿಲ್ಲ. ಬರುವ ಭಾನುವಾರ ಮತ್ತೆ ಹೋಗುತ್ತೇನೆ.

ಮುಳುಗಡೆ ಮನೆ

ಹೋಗು. ಬೆಳಗ್ಗೆ ಬೇಗ ಹೋಗು, ಓರೆ ಬಿಸಿಲಿನಲ್ಲಿ ಏಣಿನ ನೆರಳು ಚೆನ್ನಾಗಿ ಕಾಣುತ್ತದೆ. ಪಕ್ಕದಿಂದ ಫೋಟೊ ತೆಗೆ, ಸ್ಕೇಲ್ ಇಟ್ಟು. ಬಂಡೆ ಒಡೆಯಬೇಡ. ಉತ್ತರ ದಿಕ್ಕು ಯಾವ ಕಡೆ ಅಂತ ಪುಸ್ತಕದಲ್ಲಿ ಬಾಣ ಬರೆದುಕೋ, ಬಂಡೆ ಇರುವ ಜಾಗವನ್ನೂ ಬರೆದುಕೋ. ಅಪ್ಪ ಒಪ್ಪಿದರೆ ನಾನೂ ನವನಗರದಿಂದ ಬರುತ್ತೇನೆ, ನನ್ನ ಹಳೇ ಲೆನ್ಸ್ ತರುತ್ತೇನೆ.